ಹೋರಿ ಬೇರೆ, ಟಗರು ಬೇರೆ

ಹೋದ ತಿಂಗಳು ಗದಗಿನಲ್ಲಿ ಆಕೆಯ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಗುಲಾಬಿ ಹಾರ ಹಾಕಿದ್ದರು. ಗುಲಾಬಿ ಕಂಡರೆ ಆಕೆಗೆ ಸೀನು ಬರುತ್ತಿತ್ತು, ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಗಲಿ. ಮೈಕು ಹಿಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಗೋಮಾತೆಯ ಸೇವೆಯಲ್ಲಿ ಜೀವ ಸವೆಸಿದ ತಾಯಿ." ನಾಲ್ಕನೆಯವರೂ ಅದನ್ನೇ ಅಂದಾಗ ನನ್ನ ಕಿವಿ ಬಿಸಿಯಾಯಿತು. ಗೋಮಾತೆ! ಐ ಬೆಗ್ ಯುವರ್ ಪಾರ್ಡನ್. ನಲವತ್ತು ವರ್ಷ ಬೆಟಗೇರಿಯಲ್ಲಿ ಆಕೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವಳು ನಾನು. ಆಕೆ ದನದ ಡಾಕ್ಟರು, ಖರೆ. ಆದರೆ ಆಕೆ ಜೀವಮಾನವಿಡೀ ಅಭ್ಯಾಸ ಮಾಡಿದ್ದು ಗಂಡು ಪ್ರಾಣಿಗಳನ್ನು. ಹೋರಿ, ಟಗರು, ಹೋತ, ಕುದುರೆ, ಹಂದಿ, ನಾಯಿ. ಅವುಗಳ ಶಿಶ್ನ, ವೃಷಣ, ಮೂತ್ರನಾಳ, ವೀರ್ಯನಾಳ; ಒಂದರದ್ದು ಇನ್ನೊಂದರಂತೆ ಯಾಕಿಲ್ಲ, ಇಲ್ಲದ್ದರಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎನ್ನುವುದು ಆಕೆಯ ವಿಷಯ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆ ಹಾಲ್‌ನಲ್ಲಿ ಒಬ್ಬರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಸಭೆ ಮುಗಿದು ಚಹಾ ಕುಡಿಯುವಾಗ ಸ್ಮರಣ ಸಮಿತಿಯ ಹಿರಿಯರು ಬಂದರು. ಇವರೂ ಅದೇ ಇಲಾಖೆಯಲ್ಲಿ ಸಾಹೇಬರಾಗಿ ರಿಟೈರ್ ಆದವರು.

"ಮಿಸ್, ಡಾಕ್ಟರ್ ಬಾಯಾರ ಹಳೇ ಪುಸ್ತಕ ಮತ್ತ ಪ್ರಿಂಟ್ ಮಾಡಸಾಕತ್ತೀವ್ರಿ. ಮುಂದ ಹಾಕಾಕ ನೀವೊಂದ ನಾಕ್ ಪಾನಾ ಬರದ ಕೊಡ್ರಿ. ಅವರ ಸ್ವಭಾವ, ಸೇವೆ, ಹಂಗ... ಸ್ವಲ್ಪ ಡಿಗ್ನಿಫೈಡ್ ಇರ್ಲಿ."

"ಹಳೇ ಪುಸ್ತಕ ಅಂದ್ರ ಒಂದ ಚಿತ್ರದ್ದೋ, ಆರು ಚಿತ್ರದ್ದೋ?"

"ಇದ್ದದ್ದ ಒಂದ ಚಿತ್ರ ಅಲ್ಲೇನ್ರಿ? ಹೋರೀದು?"

ಆತ ನಾಟಕ ಮಾಡುತ್ತಿರಲಿಲ್ಲ. ಖರೇನೇ ಮರೆತಿದ್ದ. ಆರು ಚಿತ್ರಗಳಿದ್ದವು. ಆರನ್ನೂ ಬರೆದವಳು ನಾನು. ಐದನ್ನು ತೆಗೆಸಿದವರು ಆತ ಮತ್ತು ನಾನು. ಆ ಐದೂ ಈ ಸಲ ಪುಸ್ತಕದೊಳಗೆ ಬರಬೇಕು. ಇಲ್ಲವಾದರೆ ಆಕೆಯ ಹೆಸರಿನ ಪುಸ್ತಕವೇ ಬೇಡ. ನನ್ನ ಹಟ ಇಷ್ಟೇ. ಯಾಕೆ ಅಂತ ಬರೆಯುತ್ತೇನೆ. ಡಿಗ್ನಿಫೈಡ್ ಆದೀತೋ ಇಲ್ಲವೋ, ಓದುವವರು ನೋಡಿಕೊಳ್ಳಲಿ.

ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಮದುವೆಯಾಗಿ ಬೆಟಗೇರಿಗೆ ಬಂದು ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷು, ಬಾಟನಿ ಕಲಿಸುತ್ತಿದ್ದೆ. ಒಂದು ದಿನ ದಾಸವಾಳದ ಚಾರ್ಟು ಬರೆದು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಗೋಡೆಯ ಮೇಲಿಂದ ಒಂದು ತಲೆ ಇಣುಕಿತು. ದಪ್ಪ ಕನ್ನಡಕ, ಹಣೆಯ ಮೇಲೆ ಒಣಗಿದ ಸಗಣಿಯ ಚುಕ್ಕೆ.

"ಇದನ್ನ ನೀವ ತಗದೀರೇನ್ರಿ?"

"ಹೌದು."

"ಇದು ಗಂಡು ಭಾಗ, ಇದು ಹೆಣ್ಣು ಭಾಗ ಅಂತ ಹೆಸರು ಹಾಕೀರಿ. ನಾಚಿಕಿ ಬರಲಿಲ್ಲೇನು?"

"ಹೂವಿಗೆ ಎಂಥ ನಾಚಿಕೆ?"

"ಶಾಬಾಸ್. ಸಂಜೀಕೆ ಬರ್ತೀನಿ."

ಸಂಜೆ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಹೊಸ ನೆರೆಯವರು ಎಣ್ಣೆಗಾಯಿ ತಂದಿದ್ದಾರೆ ಅಂದುಕೊಂಡು ಮುಚ್ಚಳ ತೆಗೆದೆ. ಉಪ್ಪುನೀರಿನಲ್ಲಿ ಉದ್ದನೆಯದೊಂದು ತೇಲುತ್ತಿತ್ತು. ನಾನು ಚೀರಿದ್ದಕ್ಕೆ ಒಳಗಿನಿಂದ ಅತ್ತೆ ಕೂಗಿದರು, "ಏನಾತವ್ವಾ?" ಆಕೆ ನನಗಿಂತ ಜೋರಾಗಿ, "ಪಲ್ಯಾ ಚೆಲ್ಲಿತ್ರಿ!" ಅಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಟಗರಿಂದು. ತುದಿ ನೋಡು. ಗುಬ್ಬಿ ಕಾಲಿನಂಥಾ ಎಳಿ ಐತಿ, ಕಾಣ್ತದ? ಹೋರಿಗೆ ಇದು ಇಲ್ಲ."

ಒಂದು ಗಂಟೆಯ ಪರಿಚಯಕ್ಕೆ ಏಕವಚನ. ನಾನೂ ಸೇಡಿಗೆ ಏಕವಚನವನ್ನೇ ಹಿಡಿದೆ.

ಆಕೆ ಯಾವತ್ತೂ ಒಂದೇ ಒಂದನ್ನು ತೋರಿಸುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಹೋರಿಯ ಪಕ್ಕ ಕುದುರೆ, ಟಗರಿನ ಪಕ್ಕ ಹೋತ. ಬದನೆಕಾಯಿ ಕೊಳ್ಳುವಾಗಲೂ ಹಾಗೆಯೇ, ಎರಡನ್ನು ಕೈಯಲ್ಲಿ ಹಿಡಿದು ನಿಂತುಬಿಡುತ್ತಿದ್ದಳು. ಪಾಠಕ್ಕೆ ಆಕೆಗೆ ಕರಿಹಲಗೆ ಬೇಡ, ಕೈಯೇ ಸಾಕು. ಎಡಗೈಯನ್ನು ಮೊಣಕೈಯಲ್ಲಿ ಮಡಚಿ, ಮಣಿಕಟ್ಟಿನಲ್ಲಿ ತಿರುಗಿಸಿದರೆ ಹೋರಿಯ ಶಿಶ್ನದ ಎಸ್ ಆಕಾರದ ಬಾಗು. ಅದು ವೃಷಣಚೀಲದ ಹಿಂದೆ ಇರುತ್ತದೆ. ಅದೇ ಬಾಗು ಹಂದಿಯಲ್ಲಿ ಚೀಲದ ಮುಂದೆ; ಹಂದಿಯ ತುದಿಗೆ ಬೆರಳನ್ನು ಬೂಚು ತೆಗೆಯುವ ತಿರುಪಿನಂತೆ ಸುತ್ತಿಸುವಳು. ಕುದುರೆಗೆ ಬಾಗೇ ಇಲ್ಲ, ಕೈ ಸಡಿಲ ಬಿಟ್ಟು ತೂಗಾಡಿಸುವಳು. ನಾಯಿಗೆ ಮಾತ್ರ ಒಳಗೆ ಎಲುಬು ಉಂಟು, ಅದಕ್ಕೆ ಪೆನ್ನು. ಇದನ್ನೆಲ್ಲ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ, ಮೂರು ಮಂದಿಯ ಸೀಟಿನಲ್ಲಿ ಕೂತು ಮಾಡುತ್ತಿದ್ದಳು. ಕಂಡಕ್ಟರ್ ಟಿಕೆಟ್ ಕೊಡುವಾಗ ಕಿಟಕಿಯ ಕಡೆ ಮುಖ ಮಾಡುತ್ತಿದ್ದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಅದೇ ಲಕ್ಷ್ಮೇಶ್ವರದ ಬಜಾರಿನಲ್ಲಿ ಒಮ್ಮೆ ಎರಡು ನಾಯಿಗಳು ಕೂಡಿಕೊಂಡು ಬಿಡಿಸಿಕೊಳ್ಳಲಾಗದೆ ನಿಂತಿದ್ದವು. ಸುತ್ತ ಹತ್ತು ಗಂಡಸರು, ಕೈಯಲ್ಲಿ ಕಲ್ಲು, ಬಾಯಲ್ಲಿ ನಗೆ. ಆಕೆ ಕೊಡೆ ಬಿಚ್ಚಿ ನಡುವೆ ಹೋಗಿ ನಿಂತಳು.

"ಒಗೀರಿ ನೋಡೋಣು. ಮೊದಲ ನನಗ ಒಗೀರಿ."

"ಬಾಯಾರ, ನೀವ್ಯಾಕ್ರಿ ನಡುವ..."

"ಬುಡದಾಗ ಗಡ್ಡಿ ಉಬ್ಬತೈತ್ರಿ ಅದಕ್ಕ. ಇಳಿಯೂತನಾ ಬಿಡಿಸಿಕೊಳ್ಳಾಕ ಬರೂದಿಲ್ಲ. ಬೇಕಂತ ನಿಂತಿಲ್ಲ ಅವು. ನಿಮಗ ಕೆಲಸಿಲ್ಲಂದ್ರ ಮನೀಗೆ ಹೋಗ್ರಿ, ಅವಕ್ಕ ಕೆಲಸ ಐತಿ."

ಇಪ್ಪತ್ತು ನಿಮಿಷ ನಿಂತಿದ್ದಳು. ನಾಯಿಗಳು ಬೇರೆಯಾಗಿ ಹೋದವು. ನಾನು ಎದುರಿನ ಬಟ್ಟೆಯಂಗಡಿಯೊಳಗೆ ಹೊಕ್ಕು, ಬೇಡದ ಬ್ಲೌಸ್ ಪೀಸು ಆರಿಸುತ್ತ ನಿಂತಿದ್ದೆ.

ಆಕೆ ಪ್ರೀತಿಗೆ ಸುಲಭದ ಹೆಂಗಸಾಗಿರಲಿಲ್ಲ. ಥ್ಯಾಂಕ್ಸ್ ಅನ್ನುವ ಶಬ್ದ ಆಕೆಯ ಬಾಯಲ್ಲಿ ನಾನು ಕೇಳಿಲ್ಲ. ನನ್ನ ಯಜಮಾನರು ತೀರಿಕೊಂಡಾಗ ಬಂದು ಕೂತು, "ಅಳೂದು ಅತ್ತಿಯಲ್ಲ, ಈಗ ಉಣ್ಣು," ಅಂದು ರೊಟ್ಟಿ ಮುರಿದಿಟ್ಟಿದ್ದಳು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆಲ್ಲ, "ಗಂಡು ಭಾಳ ನೋಡೀನ್ರಿ," ಎಂಬ ಒಂದೇ ಉತ್ತರ. ಶಿರಹಟ್ಟಿ ಕಡೆ ಹೋರಿಗಳ ಬೀಜ ಒಡೆಯುವ ಕ್ಯಾಂಪಿಗೆ ಹೋದಾಗ ಗಂಡಸರು, "ಹೆಣ್ಣಿನ ಕೈಲೆ ಬ್ಯಾಡ," ಅಂತ ಹೋರಿಗಳನ್ನು ವಾಪಸು ಹೊಡೆದುಕೊಂಡು ಹೋಗುತ್ತಿದ್ದರು. ಆಕೆ ಬೈಯದೆ ಕಾಯುತ್ತಿದ್ದಳು. ಮನೆಯಲ್ಲಿ ಕಲ್ಲಿನಿಂದ ಜಜ್ಜಿಸಿ ಬಾವು ಬಂದ ಹೋರಿಗಳು ಮರುವಾರ ತಾವೇ ಬರುತ್ತಿದ್ದವು. ಆಕೆ ಇಕ್ಕಳದಿಂದ ಎರಡು ಬದಿಯ ನಾಳವನ್ನು ಬೇರೆಬೇರೆಯಾಗಿ, ಒಂದು ಮೇಲೆ ಒಂದು ಕೆಳಗೆ ಹಿಡಿಯುವಳು, ರಕ್ತ ಬರುತ್ತಿರಲಿಲ್ಲ. ಇಕ್ಕಳ ಕಟ್ ಅಂದಾಗ ಸುತ್ತ ನಿಂತ ಗಂಡಸರೆಲ್ಲ ಧೋತರ ಹಿಡಿದುಕೊಳ್ಳುತ್ತಿದ್ದರು. ಹಿಂದಿನಿಂದ ಆಕೆಯನ್ನು 'ಬೀಜದ ಬಾಯಿ' ಅಂತ ಕರೆಯುತ್ತಿದ್ದರು. ಆಕೆಗೆ ಗೊತ್ತಿತ್ತು. ಗೋಮಾತೆಯ ಸೇವಕಿ ಅಂತ ಮೈಕಿನಲ್ಲಿ ಅಂದರಲ್ಲ, ಅವರಲ್ಲಿ ಇಬ್ಬರ ಬಾಯಲ್ಲಿ ಈ ಹೆಸರನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಟಗರಿನ ತುದಿಯ ಆ ಎಳೆ ಯಾಕೆ ಮುಖ್ಯ ಅಂತ ನಾನು ಕಣ್ಣಾರೆ ನೋಡಿದ್ದು ಬೆಟಗೇರಿಯ ನೇಕಾರ ಹುಸೇನಸಾಬನ ಅಂಗಳದಲ್ಲಿ. ಆತನದು ಕಾಳಗದ ಟಗರು. ಕಡಲೆ, ಗೋವಿನಜೋಳ ತಿನ್ನಿಸಿ ತಿನ್ನಿಸಿ ಅದರ ಮೂತ್ರದಲ್ಲಿ ಹರಳಾಗಿತ್ತು. ಒಂದು ದಿನವಿಡೀ ಉಚ್ಚೆ ಹೋಗಿಲ್ಲ, ಹಲ್ಲು ಕಡಿಯುತ್ತಿತ್ತು. ಆಕೆ ಅದನ್ನು ಹಿಂಭಾಗದ ಮೇಲೆ ಕೂರಿಸಲು ಹೇಳಿದಳು. ಮುಂಗಾಲು ಇಳಿಬಿಟ್ಟು, ಹೊಟ್ಟೆ ಮುಂದೆ ಮಾಡಿ, ಆರಾಮ ಕುರ್ಚಿಯಲ್ಲಿ ಕೂತ ಚೇರ್ಮನ್ನರ ಹಾಗೆ ಟಗರು ಕೂತಿತು. ಆಕೆ ಬಾಗನ್ನು ಹಿಂದಿನಿಂದ ಒತ್ತಿ ನೆಟ್ಟಗೆ ಮಾಡಿ, ತುದಿಯನ್ನು ಹೊರಗೆ ತಂದಳು. ಉಚ್ಚೆ ಹೊರಬೀಳುವುದು ಆ ಎಳೆಯ ಮೂಲಕವೇ, ಅದರೊಳಗೆ ರಾಗಿಕಾಳಿನಷ್ಟು ಹರಳು ಸಿಕ್ಕಿತ್ತು. ಕತ್ತರಿ ತೆಗೆದಳು. ಹುಸೇನಸಾಬ ಆಕೆಯ ಕೈ ಹಿಡಿದ.

"ಯಾ ಅಲ್ಲಾ! ಬಾಯಾರ, ಅದನ್ನ ಕತ್ತರಿಸಿದ್ರ ಗಂಡಸ್ತನಾ ಏನ್ ಉಳೀತೈತ್ರಿ?"

"ಗಂಡಸ್ತನಾ ಅಲ್ಲಿಲ್ಲೋ. ನೀ ನೇಕಾರ ಅಲ್ಲೇನು? ಅಂಚಿನ ಕುಚ್ಚ ಕತ್ತರಿಸಿದ್ರ ಸೀರಿ ಹೋಗ್ತೈತೇನು?"

"ಕಾಳಗಾ ಆಡ್ತೈತ್ರಿ ಮತ್ತ?"

"ಆಡ್ತೈತಿ. ಮರೀನೂ ಹುಟ್ಟಸ್ತೈತಿ. ಕೈ ಬಿಡು, ಇಲ್ಲಂದ್ರ ಸಾಯ್ತೈತಿ."

ಕತ್ತರಿಯ ಒಂದೇ ಸಪ್ಪಳ. ಎದುರಿಗೆ ನಿಂತಿದ್ದ ಆತನ ಮಾವನ ಹೊಸ ಅಂಗಿಯ ಮೇಲೆ ಒಂದು ದಿನದ ಉಚ್ಚೆಯೆಲ್ಲ ಹೊಡೆಯಿತು. ಅಂಗಳಕ್ಕೆ ಅಂಗಳವೇ ನಕ್ಕಿತು. ಮುಂದೆ ಎರಡು ವರ್ಷ ಹುಸೇನಸಾಬ ಮರಿ ಎತ್ತಿಕೊಂಡು ಬಂದು ಗೋಡೆಯಾಚೆಯಿಂದ ತೋರಿಸುತ್ತಿದ್ದ: "ಬಾಯಾರ, ಇದೂ ಅದರದ್ದ!"

ಆಮೇಲೆ ಆಕೆ ಪುಸ್ತಕ ಬರೆಯಲು ಕೂತಳು. ಹಳ್ಳಿಯ ದವಾಖಾನೆಗಳಲ್ಲಿ ಡಾಕ್ಟರು ಇರುವುದು ಅಪರೂಪ, ಇರುವವರು ಕಾಂಪೌಂಡರುಗಳು. ಅವರಿಗೆ ಇಂಗ್ಲಿಷ್ ಪುಸ್ತಕ ಹತ್ತುವುದಿಲ್ಲ. ಅವರಿಗಾಗಿ ಕನ್ನಡದಲ್ಲಿ, ಆರು ಪ್ರಾಣಿ, ಆರು ಚಿತ್ರ. ಎರಡು ವರ್ಷ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಗಳು ಬಂದವು, ಹೋದವು. ನನಗೆ ಚೀರುವುದು ಮರೆತುಹೋಯಿತು. ಎಷ್ಟು ಚೆಂದ ಇದ್ದವು ಅವು, ಹೇಳಿದರೆ ನಂಬುವುದಿಲ್ಲ. ಹೋರಿಯ ವೃಷಣದ ಮೇಲಿನ ರಕ್ತನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡಿರುವುದು, ಟಗರಿನ ತುದಿಯ ಎಳೆ ತಿರುಚಿಕೊಂಡಿರುವುದು, ಹೋತದ ಎಳೆ ಅದಕ್ಕಿಂತ ಗಿಡ್ಡ, ನೆಟ್ಟಗೆ. ನನ್ನ ಜೀವನದಲ್ಲಿ ನಾನು ಮಾಡಿದ ಬೆಸ್ಟ್ ವರ್ಕ್ ಅದು.

ಪುಸ್ತಕ ಇಲಾಖೆಯ ಒಪ್ಪಿಗೆಗೆ ಹೋಯಿತು. ವಾಪಸು ಬಂದಾಗ ಐದು ಚಿತ್ರಗಳ ಮೇಲೆ ಕೆಂಪು ಪೆನ್ಸಿಲ್ಲಿನ ಗೀಟು: 'ಒಂದು ಸಾಕು. ಉಳಿದವು ಅನವಶ್ಯಕ.' ಆಕೆ ಜಗಳಕ್ಕೆ ನಿಂತಳು. "ಗಂಡಂದ್ರ ಎಲ್ಲಾ ಒಂದ ಅನ್ನಾಕ ಇವರೇನು ನೋಡ್ಯಾರ?" ಅಂತ ಆಫೀಸಿನ ವರಾಂಡದಲ್ಲಿ ಕೂಗಾಡಿದಳು. ಬೆಂಗಳೂರಿನ ತನಕ ಹೋಗುತ್ತೇನೆ ಅಂದಳು. ಹೋಗುವವಳೇ.

ಆಗ ಈ ಸಾಹೇಬ, ಸಮಿತಿಯ ಹಿರಿಯ ಅಂದೆನಲ್ಲ, ಅವತ್ತು ಆಫೀಸಿನಲ್ಲಿ ಚಿಕ್ಕ ಹುದ್ದೆಯಲ್ಲಿದ್ದ, ಶಾಲೆಗೆ ಬಂದು ನನ್ನನ್ನು ಕಂಡ. ತುಂಬಾ ಪೊಲೈಟ್.

"ಮಿಸ್, ಇಂಥಾ ಚಿತ್ರದ ಕೆಳಗ ನಿಮ್ಮ ಹೆಸರು ಆರು ಸಲ ಬರ್ತೈತ್ರಿ. ಹುಡುಗೀರಿಗೆ ಕಲಸಾವ್ರು ನೀವು. ನಾಳೆ ಯಾರರ ಪುಸ್ತಕ ತಂದು ಸಿಸ್ಟರ್ ಮುಂದ ಇಟ್ರ ಹೆಂಗ್ರಿ? ನೀವ ವಾಪಸ್ ತಗೊಂಡ್ರ ಗದ್ದಲನ ಇಲ್ಲ."

ಟೈಪ್ ಮಾಡಿದ ಕಾಗದ ತಂದೇ ಇದ್ದ. 'ಚಿತ್ರಗಳನ್ನು ರಚಿಸಿದ ನಾನು ಈ ಐದನ್ನು ಹಿಂಪಡೆಯುತ್ತೇನೆ.' ಸ್ಟಾಫ್ ರೂಮಿನಲ್ಲಿ ಕೂತು ಸಹಿ ಹಾಕಿದೆ. ಎರಡು ನಿಮಿಷ ಹಿಡಿಯಲಿಲ್ಲ. ದಾಸವಾಳಕ್ಕೆ ನಾಚದವಳು ನಾನು! ಚಿತ್ರ ಹೋದ ಮೇಲೆ ವಿವರಣೆ ಯಾಕೆ ಅಂತ ಆ ಪುಟಗಳೂ ಹೋದವು. ಅರವತ್ತು ಪುಟದ ಪುಸ್ತಕ ಇಪ್ಪತ್ತೆರಡು ಪುಟವಾಗಿ ಗದಗಿನ ಪ್ರೆಸ್ಸಿನಲ್ಲಿ ಅಚ್ಚಾಯಿತು. ಆಕೆ ನನ್ನ ಸಹಿಯ ಕಾಗದ ನೋಡಿ ಹೇಳಿದ್ದು ಇಷ್ಟೇ: "ನಿನಗ ನಾಚಿಕಿ ಬಂತು. ಆತು ಬಿಡು." ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುವರ್ಷ ಮುಂಡರಗಿ ಕಡೆಯ ಒಂದು ಹಳ್ಳಿಯ ಕಾಂಪೌಂಡರ್ ಆಕೆಯ ಮನೆಗೆ ಬಂದ. ಐವತ್ತರ ಆಸುಪಾಸಿನ, ಮೆತ್ತಗಿನ ಮನುಷ್ಯ. ನಾನು ಅಲ್ಲೇ ಇದ್ದೆ, ಚಹಾ ಸೋಸುತ್ತಿದ್ದೆ. ಆತ ಕೂಡಲಿಲ್ಲ. ಚೀಲದಿಂದ ಆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಹೋರಿಯ ಚಿತ್ರದ ಪುಟಕ್ಕೆ ಬಸ್ ಟಿಕೆಟ್ ಗುರುತು ಇಟ್ಟಿದ್ದ.

"ಬಾಯಾರ, ನೀಲವ್ವ ಅಂತ ಒಬ್ಬಾಕಿ ಅದಾಳ್ರಿ. ನಲವತ್ತು ಕುರಿ, ಅವಕ್ಕ ಒಂದ ಟಗರು. ಆ ಟಗರಿಗೆ ಉಚ್ಚಿ ನಿಂತಿತ್ರಿ. ನಾ ನಿಮ್ಮ ಪುಸ್ತಕ ನೋಡಿದೆ. ಚೀಲದ ಹಿಂದ ಬಾಗಿನಾಗ ಹರಳು ಸಿಗತೈತಿ ಅಂತ ಇತ್ತು. ಎರಡು ದಿನ ಅಲ್ಲೇ ಹಿಚುಕಿದೆ, ಇಂಜೆಕ್ಷನ್ ಕೊಟ್ಟೆ. ಮೂರನೇ ದಿನ ಒಳಗ ಉಚ್ಚಿ ಚೀಲ ಒಡದು ಸತ್ತ ಹೋತ್ರಿ. ಕೊಯ್ದು ನೋಡಿದೆ. ಬಾಗಿನಾಗ ಏನೂ ಇರಲಿಲ್ರಿ. ತುದಿಗೆ ಒಂದು ಎಳಿ ಇತ್ತು, ಹರಳು ಅದರಾಗಿತ್ತು."

ಪುಸ್ತಕವನ್ನು ಆಕೆಯ ಕಡೆ ಸರಿಸಿ, ಆತ ಮುಂದುವರಿಸಿದ.

"ನೀಲವ್ವ ಒಂದ ಮಾತ ಕೇಳಿದ್ಲರಿ. 'ಪುಸ್ತಕಾ ನೋಡಿನ ಮಾಡಿದ್ಯಲ್ಲೋ ಯಪ್ಪಾ, ಅದರಾಗ ನನ್ನ ಟಗರ ಇರಲಿಲ್ಲೇನು?' ಅಂದ್ಲು. ಅದಕ್ಕ ಬಂದೇನ್ರಿ. ಯಾಕ ಇಲ್ರಿ ಇದರಾಗ?"

ಆಕೆ ಚಿತ್ರಗಳನ್ನು ಇಟ್ಟಿದ್ದ ಒಳಗಿನ ಕೋಣೆಯ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. "ನಾನ ಬಿಟ್ಟೆಪಾ. ತಪ್ಪು ನಂದು," ಅಂದಳು. ಆತನನ್ನು ಕೂರಿಸಿ, ಕಡ್ಡಿಗೆ ನೂಲು ಕಟ್ಟಿ, ಒಂದು ತಾಸು ಟಗರಿನ ಪಾಠ ಹೇಳಿದಳು. ನಾನು ಚಹಾ ಇಟ್ಟು ಮನೆಗೆ ಬಂದೆ. ಇಲ್ಲ, ತೆಗೆಸಿದವಳು ನಾನು ಅಂತ ಹೇಳಲು ಒಂದು ಗೋಡೆಯಷ್ಟು ದೂರ ಇತ್ತು. ಅವತ್ತೂ ಹೇಳಲಿಲ್ಲ, ಮುಂದೆ ಆಕೆ ಬದುಕಿರುವ ತನಕವೂ ಹೇಳಲಿಲ್ಲ. ಆ ಐದು ಚಿತ್ರಗಳನ್ನು ಅಚ್ಚು ಹಾಕಿಸಲು ಆಕೆ ಎಷ್ಟು ಅರ್ಜಿ ಬರೆದಳೋ, ಪ್ರತಿಯೊಂದಕ್ಕೂ ನನ್ನ ಸಹಿಯ ಪ್ರತಿಯನ್ನೇ ಲಗತ್ತಿಸಿ ವಾಪಸು ಕಳಿಸಿದರು.

ನನಗೆ ಸಿಟ್ಟು ಯಾರ ಮೇಲೆ? ಕೆಂಪು ಪೆನ್ಸಿಲ್ಲಿನ ಮೇಲೆ. ಧೋತರ ಹಿಡಿದುಕೊಂಡು ನಗುತ್ತಿದ್ದವರ ಮೇಲೆ. ಹೂವಿನ ಕೇಸರ ಹೇಳಿಕೊಟ್ಟು ಮೈ ಬಗ್ಗೆ ಬಾಯಿ ಮುಚ್ಚಿಸಿದ ನನ್ನ ಕಾನ್ವೆಂಟಿನ ಮೇಲೆ. ಎಲ್ಲದಕ್ಕಿಂತ ಹೆಚ್ಚು, ಸ್ಟಾಫ್ ರೂಮಿನಲ್ಲಿ ಕೂತು ಪೆನ್ನಿನ ಟೋಪಿ ತೆಗೆದ ಆ ನೀಟಾದ ಹೆಂಗಸಿನ ಮೇಲೆ. ಡಾಕ್ಟರು ತೀರಿಕೊಂಡ ವಾರಕ್ಕೆ ಆಕೆಯ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿದ. ಚಿತ್ರಗಳನ್ನು ಕೇಳಿದೆ. "ಅಂಥಾವನ್ನ ಮನ್ಯಾಗ ಹೆಂಗ ಇಡೂದ್ರಿ ಅಜ್ಜಿ? ನೀರಿನೊಲಿಗೆ ಹಾಕಿದೆ," ಅಂದ. ನನ್ನ ಬೆಸ್ಟ್ ವರ್ಕಿನಲ್ಲಿ ಆತ ಸ್ನಾನ ಮಾಡಿದ್ದಾನೆ.

ಪೆನ್ಸಿಲ್ ಕರಡುಗಳು ನನ್ನ ಟ್ರಂಕಿನಲ್ಲಿದ್ದವು. ಎಲ್ಲ ಸರಿ ಇದ್ದವು, ಟಗರಿನದು ಮಾತ್ರ ಅರ್ಧ. ಅದರ ತುದಿಯನ್ನು ಆಕೆ ಎದುರಿಗೆ ಕೂತು ನೇರ ಇಂಕಿನಲ್ಲೇ ಬರೆಸಿದ್ದಳು, ಕರಡಿನಲ್ಲಿ ಅದಿಲ್ಲ. ನೆನಪಿನಿಂದ ಬರೆಯಲು ಹೋದೆ. ಎಳೆ ಎಷ್ಟು ಉದ್ದ, ಯಾವ ಕಡೆ ತಿರುಗಿದೆ, ಗೊತ್ತಾಗಲಿಲ್ಲ. ಅಂದಾಜಿನಲ್ಲಿ ಬರೆಯುವ ಹಕ್ಕು ನನಗಿಲ್ಲ.

ಹೋದ ಭಾನುವಾರ ಕೋಲು ಊರಿಕೊಂಡು ಮಟನ್ ಅಂಗಡಿಗೆ ಹೋದೆ. ಜನ್ಮದಲ್ಲಿ ಮೊದಲ ಸಲ. ಕ್ಯೂ ಇತ್ತು.

"ಅಜ್ಜಿ, ಖೀಮಾ ಬೇಕೇನ್ರಿ?"

"ಟಗರಿನ ಶಿಶ್ನ ಬೇಕು. ಹೋತಂದು ನಡೆಯೂದಿಲ್ಲ. ತುದಿ ಕತ್ತರಿಸಿರಬಾರದು."

ಅಂಗಡಿಯವನ ಕತ್ತಿ ನಿಂತಿತು. "ಔಷಧಕ್ಕೇನ್ರಿ?"

"ಚಿತ್ರಕ್ಕ."

ಕ್ಯೂನಲ್ಲಿದ್ದ ಯಾರೋ ನಕ್ಕರು. ನಾನು ತಿರುಗಿ, ಮೂವತ್ತೈದು ವರ್ಷ ಕ್ಲಾಸನ್ನು ಸುಮ್ಮನಾಗಿಸಿದ ನೋಟವೊಂದನ್ನು ನೋಡಿದೆ. ನಗೆ ನಿಂತಿತು. ಅಂಗಡಿಯವ ಎಲ್ಲವನ್ನೂ ನೀಟಾಗಿ ಬಾಳೆಲೆಯಲ್ಲಿ ಕಟ್ಟಿಕೊಟ್ಟ.

ಮೊನ್ನೆ ಸಾಹೇಬರು ಈ ಬರಹ ಒಯ್ಯಲು ಬಂದರು. ಮೇಜಿನ ಮೇಲೆ ಬಟ್ಟಲಿನಲ್ಲಿ ಉಪ್ಪುನೀರು, ಅದರೊಳಗೆ ಟಗರಿನದು, ಪಕ್ಕದಲ್ಲಿ ಆಗಷ್ಟೇ ಇಂಕು ಆರಿದ ಚಿತ್ರ. ಅವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತರು.

"ಇದೆಲ್ಲ ಈಗ ಯಾಕ್ರಿ ಮಿಸ್? ಬಿಡುಗಡೆಗೆ ಹೆಣ್ಮಕ್ಕಳೂ ಬರ್ತಾರ."

"ನಾ ಏನ ಕಾಣ್ತೀನ್ರಿ ನಿಮಗ? ಕುಂಡ್ರಿ. ಇಲ್ಲಿ ನೋಡ್ರಿ."

ಕೂತರು. ನೋಡಿದರು. ಚಿಮಟಿಗೆಯಿಂದ ಎಳೆಯನ್ನು ಎತ್ತಿ ಹಿಡಿದೆ. ನೀಲವ್ವನ ಟಗರಿನ ಕಥೆ ಹೇಳಿದೆ, ಟೈಪ್ ಮಾಡಿದ ಕಾಗದದ ಕಥೆಯನ್ನೂ ಹೇಳಿದೆ. ಅವರಿಗೆ ನೆನಪಾಯಿತು, ಮುಖ ನೋಡಿದರೆ ಗೊತ್ತಾಗುತ್ತದೆ. ಬಟ್ಟಲಿನ ಮೇಲೆ ಬಗ್ಗಿ ಅವರು ಅಂದದ್ದು: "ಮೂವತ್ತು ವರ್ಷ ಸರ್ವಿಸ್ ಮಾಡೀನ್ರಿ. ಈ ಎಳಿ ನಾನೂ ಎಂದೂ ಹೊರಗ ತಗದು ನೋಡಿದಾಂವ ಅಲ್ರಿ."

ಅದಕ್ಕೆ ನಾನು ಕರಗಲಿಲ್ಲ. ಈ ಮಾತನ್ನೂ ಬರೆದು ಸೇರಿಸಿ ಕೊಡುತ್ತೇನೆ, ಮತ್ತೊಮ್ಮೆ ಬನ್ನಿ ಅಂದೆ. ಇವತ್ತು ಚಿತ್ರಗಳನ್ನೂ ಈ ಹಾಳೆಗಳನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದೇನೆ. ಆರೂ ಚಿತ್ರ ಬಂದರೆ ಇದನ್ನು ಹಾಕಿ, ಒಂದು ಕಡಿಮೆಯಾದರೂ ಇದನ್ನು ಹಾಕಬೇಡಿ ಅಂತ ಮೇಲೆ ಬರೆದು, ಸಹಿ ಮಾಡಿದ್ದೇನೆ.

ಆದ್ದರಿಂದ ನೀವು ಈ ಸಾಲನ್ನು ಅಚ್ಚಿನಲ್ಲಿ ಓದುತ್ತಿದ್ದೀರಿ ಅಂದರೆ, ಚಿತ್ರಗಳು ಒಳಗಿವೆ. ಹಾಳೆ ತಿರುವಿ. ಟಗರು ಎರಡನೆಯದು. ನಾಚಿಕೆಯಾದರೆ ಆಗಲಿ, ತುದಿಯ ತನಕ ನೋಡಿ.